ಟೇಪಿನ ಇನ್ನೊಂದು ತುದಿ

ಮನೆಯಲ್ಲಿ ಒಬ್ಬರು ಆರ್ಕಿಟೆಕ್ಚರ್ ಓದಲು ಹೊರಟರೆ ಮನೆಮಂದಿಯೆಲ್ಲ ಅದನ್ನು ಓದಬೇಕಾಗುತ್ತದೆ. ಬೇರೆ ಓದಿನ ಮಕ್ಕಳು ಪುಸ್ತಕ ತೆರೆದು ಕುಳಿತಾಗ ಸದ್ದು ಮಾಡದೆ ಬಾಗಿಲು ಎಳೆದುಕೊಂಡು ಹೋದರೆ ಸಾಕು. ಈ ವಿದ್ಯೆಗೆ ಅಷ್ಟು ಸಾಲದು. ಇದಕ್ಕೆ ಪಡಸಾಲೆಯ ನೆಲ ಬೇಕು, ಹಗಲಿನ ಬೆಳಕು ಬೇಕು, ಹಿರಿಯರ ನೆನಪು ಬೇಕು, ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬ ಮನುಷ್ಯ ಬೇಕು. ನಮ್ಮ ಮನೆಯಲ್ಲಿ ಆ ಮನುಷ್ಯ ನಾನು. ಅಕ್ಕನ ಮಗಳು ಬಿ.ಆರ್ಕ್. ಸೇರಿ ಮೊದಲ ವರ್ಷ ಮುಗಿಸಿದ್ದಾಳೆ. ಐದು ವರ್ಷ, ಹತ್ತು ಸೆಮಿಸ್ಟರಿನ ಓದು ಅದು. ರಜೆಗೆ ಬೈಲಹೊಂಗಲಕ್ಕೆ ಬಂದಾಗಲೆಲ್ಲ ಅವಳು ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸು ಹತ್ತುತ್ತಾಳೆ, ನನ್ನನ್ನೂ ಹತ್ತಿಸುತ್ತಾಳೆ. ಹುಟ್ಟಿ ಬೆಳೆದ ಸೀಮೆಯನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೂ ಮುಂಚೆ ನೋಡಿರಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಮನೆಯ ಮಾತೇ ಇಲ್ಲ. ಬೇಸಿಕ್ ಡಿಸೈನ್ ಎಂಬ ವಿಷಯ. ಬಿಳಿ ಹಾಳೆಯ ಮೇಲೆ ಕಪ್ಪು ಕಾಗದದ ಚೌಕ, ಪಟ್ಟಿ, ತ್ರಿಕೋನಗಳನ್ನು ಕತ್ತರಿಸಿ ಅಂಟಿಸಬೇಕು. ಕಣ್ಣು ಒಂದೇ ಕಡೆ ತಂಗಬಾರದು, ದಿಕ್ಕುತಪ್ಪಿ ಅಲೆಯಲೂಬಾರದು. ಹುಡುಗಿ ರಾತ್ರಿಯೆಲ್ಲ ಕಟರು, ಸ್ಟೀಲ್ ಪಟ್ಟಿ, ಅಂಟು ಹಿಡಿದು ಕೂತಿರುತ್ತಿದ್ದಳು. ನಮ್ಮವ್ವ ನೋಡಿ ನೋಡಿ ಕೇಳಿದಳು: "ಮನಿ ಕಟ್ಟೂದು ಯಾವಾಗ ಕಲಸ್ತಾರವಾ?" ಹುಡುಗಿ ಉತ್ತರ ಹೇಳುವ ಬದಲು ಟ್ರಂಕಿನಲ್ಲಿದ್ದ ಹಳೆಯ ಕೌದಿಗಳನ್ನು ತೆಗೆದು ಹಾಸಿದಳು. ಹಳೆಯ ಇಳಕಲ್ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡುಗಳನ್ನು ಕೂಡಿಸಿ ಅವ್ವನೇ ಹೊಲಿದ ಕೌದಿಗಳು. ಯಾವ ತುಂಡು ಎಲ್ಲಿ ಬರಬೇಕೆಂದು ಹೇಗೆ ಗೊತ್ತಾಗುತ್ತದೆ ಎಂದು ಹುಡುಗಿ ಕೇಳಿದಾಗ ಅವ್ವ ಹೇಳಿದ್ದು ಇಷ್ಟು: "ಒಂದ ಮೂಲ್ಯಾಗ ಕರೇದು ಹಚ್ಚಿದ್ರ, ಎದರ ಮೂಲ್ಯಾಗೂ ಒಂದು ಕರೇದು ಬೇಕವಾ. ಇಲ್ಲಾಂದ್ರ ಕಣ್ಣು ಒಂದ ಕಡೆ ಜೋಲತೈತಿ." ಹುಡುಗಿ ಆ ಮಾತನ್ನು ಸ್ಕೆಚ್ ಪುಸ್ತಕದಲ್ಲಿ ಬರೆದುಕೊಂಡಳು. ಸಮತೋಲದ ಬಗ್ಗೆ ಕ್ಲಾಸಿನಲ್ಲಿ ಕೇಳಿದ ಪಾಠ ಅಲ್ಲಿ, ಸೂಜಿ ಹಿಡಿದ ಕೈಯಿಂದ, ಅವಳಿಗೆ ಮನವರಿಕೆಯಾಯಿತು.

ಆ ಸೆಮಿಸ್ಟರಿನ ಕೊನೆಯ ಕೆಲಸಕ್ಕಾಗಿ ಅವಳು ಆರಿಸಿಕೊಂಡದ್ದು ಸವದತ್ತಿಯ ಕೋಟೆ. ಶಿರಸಂಗಿಯ ಜಾಯಪ್ಪ ದೇಸಾಯಿ 18ನೇ ಶತಮಾನದಲ್ಲಿ ಕಟ್ಟಿಸಿದ, ಎಂಟು ಬುರುಜುಗಳ ಕೋಟೆ ಅದು. ಒಳಗಿರುವ ಕಾಡಸಿದ್ಧೇಶ್ವರ ಗುಡಿಯ ಸುತ್ತಲಿನ ಪಡಸಾಲೆಯಲ್ಲಿ ವಜ್ರಾಕಾರದ ಕೆತ್ತನೆಗಳ ಸಾಲೇ ಇದೆ. ಹೊರಗಿನ ಆಕಾರ ಎಲ್ಲಕ್ಕೂ ಒಂದೇ, ಒಳಗಿನ ಹೂಬಳ್ಳಿ, ಗೆರೆಗಳ ಕೆಲಸ ಬದಲಾಗುತ್ತ ಹೋಗುತ್ತದೆ. ಹುಡುಗಿ ಅಲ್ಲಿ ಕುಳಿತು ಒಂದೊಂದನ್ನೇ ಪೆನ್ಸಿಲಿನಿಂದ ಬರೆದಳು. ಕ್ಯಾಮೆರಾ ಇತ್ತು, ಆದರೆ ಫೋಟೋ ತೆಗೆದರೆ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ, ಕೈಯಿಂದ ಬರೆದರೆ ಮಾತ್ರ ಕೆತ್ತಿದವನು ಎಲ್ಲಿ ಶುರು ಮಾಡಿದ, ಎಲ್ಲಿ ಉಳಿ ತಿರುಗಿಸಿದ ಎಂಬುದು ತಿಳಿಯುತ್ತದೆ ಎಂದು ಅವಳ ಮೇಷ್ಟ್ರು ಹೇಳಿದ್ದರಂತೆ. ಕಟ್ಟುನಿಟ್ಟಾದ ಒಂದು ಚೌಕಟ್ಟಿನೊಳಗೆ ಇಷ್ಟೊಂದು ಬಗೆ ಸಾಧ್ಯವೆಂದು ಆ ಶಿಲ್ಪಿಗಳು ತೋರಿಸಿಕೊಟ್ಟಿದ್ದಾರೆ. ನಿಯಮ ಬಂದಲ್ಲಿ ಕಲ್ಪನೆ ಸಾಯುತ್ತದೆ ಎನ್ನುವವರನ್ನು ಆ ಪಡಸಾಲೆಗೆ ಕರೆದುಕೊಂಡು ಹೋಗಬೇಕು.

ಮುಂದೆ ಬಂದದ್ದು ಮೈಯ ಅಳತೆಯ ಪಾಠ. ಮನುಷ್ಯ ಕುಳಿತರೆ ಎಷ್ಟು ಜಾಗ, ಕೈ ಚಾಚಿದರೆ ಎಷ್ಟು, ಮೆಟ್ಟಿಲು ಹತ್ತಲು ಎಷ್ಟು ಎತ್ತರ ಹಿತ ಎಂಬ ಲೆಕ್ಕ. ಇದಕ್ಕೆ ಜಗತ್ತಿನಾದ್ಯಂತ ವಿದ್ಯಾರ್ಥಿಗಳು ತೆರೆಯುವ ಪುಸ್ತಕ ಜರ್ಮನಿಯ ಅರ್ನ್ಸ್ಟ್ ನಾಯ್‌ಫರ್ಟ್ ಅವರದು, ಮೊದಲು ಅಚ್ಚಾದದ್ದು 1936ರಲ್ಲಿ. ಬಹಳ ಉಪಯೋಗದ ಪುಸ್ತಕ. ಆದರೆ ರೊಟ್ಟಿ ಬಡಿಯಲು ಒಲೆಯ ಮುಂದೆ ಒಂದು ಮೊಣಕಾಲು ಮಡಿಚಿ ಕೂರುವ ನಮ್ಮವ್ವನ ಅಳತೆ ಅದರಲ್ಲಿ ಸಿಗುವುದಿಲ್ಲ. ಅದನ್ನು ನಾವೇ ಅಳೆದೆವು. ಕೊಣಮಿಗೆಗೂ ಒಲೆಗೂ ಎಷ್ಟು ದೂರ, ಹಿಟ್ಟಿನ ಬುಟ್ಟಿಗೆ ಕೈ ಎಷ್ಟು ತಿರುಗಬೇಕು, ಎದ್ದೇಳುವಾಗ ಎಲ್ಲಿ ಕೈ ಊರುತ್ತಾಳೆ ಎಲ್ಲವನ್ನೂ ಬರೆದುಕೊಂಡೆವು.

ಅದೇ ಪಾಠಕ್ಕಾಗಿ ರಾಮದುರ್ಗಕ್ಕೂ ಹೋದೆವು. ರಾಮದುರ್ಗ, ಸುರೇಬಾನ ಕಡೆ ನೇಕಾರರ ಮನೆಗಳಿವೆ. ಕೆಲವು ಕಡೆ ಇನ್ನೂ ಕುಣಿಮಗ್ಗ ನಡೆಯುತ್ತದೆ. ನೇಕಾರ ನೆಲದ ಮಟ್ಟದಲ್ಲಿ ಕೂರುತ್ತಾನೆ, ಕಾಲುಗಳು ಕುಣಿಯೊಳಗೆ ಇಳಿದು ಪೆಡಲು ತುಳಿಯುತ್ತವೆ. ಹೀಗೆ ಯಾಕೆ ನೆಲ ಅಗೆಯಬೇಕು ಎಂದು ಹುಡುಗಿ ಕೇಳಿದಳು. ಮಗ್ಗದ ಮೇಲಿದ್ದ ಅಜ್ಜ ಲಾಳಿ ನಿಲ್ಲಿಸಿ ವಿವರಿಸಿದರು. ನೆಲದ ತಂಪು ನೂಲಿಗೆ ಹತ್ತುತ್ತದೆ, ಒಣಹವೆಯಲ್ಲಿ ಎಳೆ ಹರಿಯುವುದು ಕಡಿಮೆಯಾಗುತ್ತದೆ. ಎತ್ತರದ ಮಗ್ಗ ಇಟ್ಟರೆ ತಗ್ಗು ಮಾಳಿಗೆಯ ಮನೆಯಲ್ಲಿ ತಲೆಗೆ ಜಂತಿ ಬಡಿಯುತ್ತದೆ. ಕುಣಿಯ ಆಳ ಅವರವರ ಕಾಲಿನ ಉದ್ದಕ್ಕೆ ತಕ್ಕಂತೆ. ಬೆಳಕು ಎಡಗಡೆಯಿಂದ ಬಟ್ಟೆಯ ಮೇಲೆ ಬೀಳುವಂತೆ ಗೋಡೆಯಲ್ಲಿ ಕಿಂಡಿ. ಗಾಳಿ, ಬೆಳಕು, ಮೈ, ಕಸುಬು ನಾಲ್ಕೂ ಒಂದೇ ಗುಂಡಿಯಲ್ಲಿ ಬಗೆಹರಿದಿದ್ದವು. ಒಬ್ಬ ಮನುಷ್ಯನ ಕೆಲಸದ ಜಾಗವನ್ನು ವಿನ್ಯಾಸ ಮಾಡಿ ತರಲು ಅವಳಿಗೆ ಹೇಳಿದ್ದರು. ಅವಳು ನೇಕಾರರ ಕೋಣೆಯನ್ನೇ ತೆಗೆದುಕೊಂಡಳು. ಅದರಲ್ಲಿ ಅವಳು ಹೊಸದಾಗಿ ಸೇರಿಸಿದ್ದು ಬಹಳ ಕಡಿಮೆ: ಬೆನ್ನಿಗೆ ಒಂದು ಒರಗು, ಕುಣಿಯಿಂದ ಏಳಲು ಕೈಹಿಡಿ, ಮೇಲಿನಿಂದ ಒಂದು ಬೆಳಕಿಂಡಿ.

ಎರಡನೇ ಸೆಮಿಸ್ಟರಿನ ದೊಡ್ಡ ಕೆಲಸ ಹಳೆಯ ಮನೆಯೊಂದನ್ನು ಅಳೆದು ನಕ್ಷೆ ಬರೆಯುವುದು. ನಮ್ಮ ಬಳಗದವರ ಮನೆಯೊಂದು ತಾಲೂಕಿನ ಒಂದು ಹಳ್ಳಿಯಲ್ಲಿದೆ. ಹಳ್ಳಿಯಲ್ಲಿ ಟೇಪು ಬಿಚ್ಚುವುದು ಸಣ್ಣ ಮಾತಲ್ಲ. ಪಾಲು ಕೇಳಲು ಬಂದರೋ, ರಸ್ತೆ ಅಗಲ ಮಾಡಲು ಬಂದರೋ ಎಂದು ಓಣಿಯೇ ಬಂದು ನಿಲ್ಲುತ್ತದೆ. ಹುಡುಗಿ ಎಲ್ಲರಿಗೂ ಒಂದೇ ಮಾತು ಹೇಳಿದಳು: "ನಿಮ್ಮ ಮನಿ ಹೆಂಗ ಕಟ್ಟ್ಯಾರ ಅಂತ ಕಲಿಯಾಕ ಬಂದೇನ್ರಿ." ಆಮೇಲೆ ಓಣಿಯ ಹುಡುಗರೇ ಟೇಪು ಹಿಡಿಯಲು ಪಾಳಿ ಹಚ್ಚಿದರು.

ಆ ಮನೆಯನ್ನು ಅಳೆದದ್ದು ನನಗೂ ದೊಡ್ಡ ಪಾಠವಾಯಿತು. ತಲಬಾಗಿಲಿನಿಂದ ಒಳಗೆ ಬಂದರೆ ಮೊದಲು ತಗ್ಗಿನಲ್ಲಿ ಎತ್ತುಗಳ ಜಾಗ, ಗೋದಲಿ. ಅದರ ಮೇಲೆ ಎತ್ತರದ ಕಟ್ಟೆಯಲ್ಲಿ ಮನುಷ್ಯರ ಬದುಕು. ಒಕ್ಕಲುತನದ ಮನೆಗೆ ಎತ್ತೇ ಆಸ್ತಿ. ರಾತ್ರಿ ಅದರ ಉಸಿರು ಕೇಳುವಷ್ಟು ಹತ್ತಿರ ಮಲಗಬೇಕು. ಗೋಡೆ ಕಲ್ಲು ಮಣ್ಣಿನದು, ಮಲಗಿದರೆ ಒಬ್ಬ ಮನುಷ್ಯ ಹಿಡಿಸುವಷ್ಟು ದಪ್ಪ. ಹಗಲಿನ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವುದರೊಳಗೆ ಸಂಜೆಯಾಗಿರುತ್ತದೆ. ಆ ದಪ್ಪವನ್ನೂ ಸುಮ್ಮನೆ ಬಿಟ್ಟಿಲ್ಲ: ದೀಪಕ್ಕೊಂದು ಮಾಡ, ಬೀಜದ ಗಡಿಗೆಗೊಂದು ಗೂಡು, ಬಾಗಿಲ ಹಿಂದೆ ಅಗಳಿ ಸರಿಯಲು ಒಂದು ತೂತು. ಸಾಲು ಕಂಬಗಳು, ಅವುಗಳ ತಲೆಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ನೀರು ಇಳಿಯಗೊಡದ ಸವಳು ಮಣ್ಣು. ಮನೆಯನ್ನು ಅಂಕಣಗಳಲ್ಲಿ ಎಣಿಸುತ್ತಾರೆ. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಅದು ಸಿಗುವ ಮರದ ಉದ್ದದಿಂದ ಬಂದ ಅಳತೆ. ಹುಡುಗಿಯ ನಕ್ಷೆಯಲ್ಲಿ ಕೋಣೆಗಳೆಲ್ಲ ಆ ಅಳತೆಗೇ ಹೊಂದಿ ಕುಳಿತಾಗ ಅವಳ ಮುಖ ನೋಡಬೇಕಿತ್ತು. ಬರೆದಿಟ್ಟ ನಕ್ಷೆಯೇ ಇಲ್ಲದೆ ಕಟ್ಟಿದ ಮನೆಯೊಳಗೆ ಇಷ್ಟು ಶಿಸ್ತು.

ನಡುಮನೆಗೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಬೆಳಕಿಂಡಿ. ಬೆಳಗಿನಿಂದ ಸಂಜೆಯ ತನಕ ಆ ಬೆಳಕು ನೆಲದ ಮೇಲೆ ಎಲ್ಲೆಲ್ಲಿ ಸರಿಯುತ್ತದೆ ಎಂದು ಹುಡುಗಿ ಸೀಮೆಸುಣ್ಣದಿಂದ ಗುರುತು ಹಾಕಿದಳು. ಸೂರ್ಯನ ಬಗ್ಗೆ ಅವಳಿಂದ ನಾನು ಕಲಿತದ್ದೊಂದು ಇಲ್ಲಿ ಹೇಳಬೇಕು. ಉತ್ತರದ ದೇಶಗಳ ಪುಸ್ತಕಗಳಲ್ಲಿ ಮಧ್ಯಾಹ್ನದ ಬಿಸಿಲು ಯಾವಾಗಲೂ ದಕ್ಷಿಣದಿಂದ. ನಮ್ಮ ಸೀಮೆಯಲ್ಲಿ ಮೇ ಮೊದಲ ವಾರದಿಂದ ಆಗಸ್ಟ್ ಎರಡನೇ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ, ನೆಟ್ಟ ಕೋಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಉತ್ತರದ ಗೋಡೆಗೆ ನೆರಳು ಬೇಡವೆಂದು ಪುಸ್ತಕ ನೋಡಿ ಬಿಟ್ಟರೆ ಬೇಸಿಗೆಯ ತುದಿಯಲ್ಲಿ ಮನೆ ಕಾಯುತ್ತದೆ. ಮಾಳಿಗೆಯ ಮೇಲೆ ಒಂದು ಕೋಲು ನೆಟ್ಟರೆ ಸಾಕು, ಇದು ಯಾರಿಗೂ ತಿಳಿಯುತ್ತದೆ.

ಆ ಊರಿನ ಗೌಂಡಿ ಕಾಕಾ ಒಬ್ಬರು ನಮ್ಮ ಅಳತೆಯನ್ನು ನೋಡುತ್ತ ನಿಂತಿದ್ದರು. ಮೂಲೆ ನೇರ ಇದೆಯೇ ಎಂದು ಹೇಗೆ ತಿಳಿಯುತ್ತೀರಿ ಎಂದು ಹುಡುಗಿ ಕೇಳಿದಳು. ಅವರು ದಾರ ಹಿಡಿದು ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಹಾಕಿ, ಎರಡರ ನಡುವೆ ಐದಡಿ ಬಂದರೆ ಮೂಲೆ ಸರಿ ಎಂದು ತೋರಿಸಿದರು. ಪೈಥಾಗೊರಸನ ಹೆಸರಿನಲ್ಲಿ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಲೆಕ್ಕ ಅದು. ಎರೆ ಭೂಮಿಯ ವಿಷಯವನ್ನೂ ಅವರೇ ಹೇಳಿದರು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಬುನಾದಿ ಹಾಕಿದರೆ ಗೋಡೆಯೂ ಬಿರಿಯುತ್ತದೆ. "ಗರಸು ಹತ್ತೂತನಕ ಅಗೀಬೇಕ ತಂಗಿ. ನೆಲಾ ಏನ ಹೇಳತೈತಿ ಅದನ್ನ ಮೊದಲ ಕೇಳಬೇಕ." ಕರಣಿ, ಓಳಂಬ, ರಸಮಟ್ಟ ಹಿಡಿದು ಬಾಳು ಸವೆಸಿದವರ ಮಾತು ಅದು. ಇಂಥವರನ್ನು ಕಾಲೇಜಿಗೆ ಕರೆದು ವಿದ್ಯಾರ್ಥಿಗಳ ಎದುರು ಕೂರಿಸಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಈ ನಾಲ್ಕು ಊರುಗಳ ದಾರಿಯೇ ಒಂದು ಪಾಠ. ಕಿತ್ತೂರು ಮಲೆನಾಡಿನ ಅಂಚಿನದು. ಅಲ್ಲಿ ಮಳೆ ಹೆಚ್ಚು, ಹೆಂಚಿನ ಇಳಿಜಾರು ಮಾಡುಗಳು ಹೆಚ್ಚು. ಬೈಲಹೊಂಗಲಕ್ಕೆ ಬಂದರೆ ಹೆಂಚೂ ಮಾಳಿಗೆಯೂ ಅಕ್ಕಪಕ್ಕದಲ್ಲಿವೆ. ಸವದತ್ತಿ ದಾಟಿ ರಾಮದುರ್ಗದ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತದೆ, ಮಾಡು ಮಟ್ಟಸವಾಗುತ್ತದೆ, ಗೋಡೆಗೆ ಕಲ್ಲು ಹೆಚ್ಚುತ್ತದೆ. ಬಸ್ಸಿನ ಕಿಟಕಿಯಲ್ಲಿ ಕುಳಿತು ಹುಡುಗಿ ಮಾಡುಗಳನ್ನಷ್ಟೇ ಸಾಲಾಗಿ ಬರೆದಿದ್ದಾಳೆ. ಮಳೆಯ ನಕ್ಷೆಯನ್ನು ನೋಡದವರೂ ಆ ಚಿತ್ರ ನೋಡಿ ಮಳೆ ಎಲ್ಲಿ ಹೆಚ್ಚು, ಎಲ್ಲಿ ಕಡಿಮೆ ಎಂದು ಹೇಳಬಹುದು. ಈಗ ಎಲ್ಲ ಕಡೆಯೂ ಒಂದೇ ಆರ್‌ಸಿಸಿ ಸ್ಲ್ಯಾಬು ಬರುತ್ತಿರುವುದರಿಂದ ಆ ಸಾಲು ಚಿತ್ರಕ್ಕೆ ಬೆಲೆ ಇನ್ನೂ ಹೆಚ್ಚು.

ಕಿತ್ತೂರಿನ ಅರಮನೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. 17ನೇ ಶತಮಾನದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ಕಟ್ಟಿಸಿದ ಕೋಟೆ; 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಪಡೆಯ ಎದುರು ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದ ಜಾಗ; ಆಮೇಲೆ ಕೋಟೆ ಸೋತು, ರಾಣಿ ಬೈಲಹೊಂಗಲದಲ್ಲಿ ಸೆರೆಯಿದ್ದು 1829ರಲ್ಲಿ ತೀರಿಕೊಂಡ ಕಥೆ ನಮಗೆಲ್ಲ ಬಾಯಿಗೆ ಬರುತ್ತದೆ. ಚನ್ನಮ್ಮನ ಸಮಾಧಿ ನಮ್ಮೂರಲ್ಲೇ ಇದೆ. ಆದರೆ ಆ ಅರಮನೆಯನ್ನು ಮನೆಯೆಂದು ನಾನು ನೋಡಿದ್ದು ಹುಡುಗಿಯ ಜೊತೆ ಹೋದಾಗ. ಪ್ಲಾನ್ ಎಂದರೆ ಕಟ್ಟಡವನ್ನು ಸುಮಾರು ನಾಲ್ಕಡಿ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿನಿಂದ ನೋಡಿದ ಚಿತ್ರ ಎಂದು ಅವಳು ನನಗೆ ವಿವರಿಸಿದಳು. ಮಾಡು ಹೋಗಿ ಮೋಟು ಗೋಡೆಗಳು ಉಳಿದ ಕಿತ್ತೂರಿನ ಅರಮನೆ ನೆಲದ ಮೇಲೆ ಪೂರ್ಣ ಗಾತ್ರದಲ್ಲಿ ಬರೆದಿಟ್ಟ ಪ್ಲಾನಿನಂತಿದೆ. ಕೆತ್ತನೆಯ ತೇಗದ ಕಂಬಗಳು ಈಗಿಲ್ಲ. ಊಟದ ಮನೆ, ಅಡುಗೆಮನೆ, ಸ್ನಾನದ ಮನೆಯ ತೊಟ್ಟಿ, ನೀರು ಹರಿಯುವ ದಾರಿ, ಬಾವಿ, ಧ್ರುವ ನಕ್ಷತ್ರ ನೋಡಲೆಂದು ಬಿಟ್ಟ ಕಿಂಡಿ ಎಲ್ಲವೂ ಕಾಣುತ್ತವೆ. ಅತಿಥಿ ಎಲ್ಲಿಯವರೆಗೆ ಬರಬಹುದಿತ್ತು, ಅಡುಗೆಯವರು ಯಾವ ದಾರಿಯಲ್ಲಿ ನೀರು ತರುತ್ತಿದ್ದರು ಎಂದು ಅಲ್ಲಿ ನಡೆದೇ ತಿಳಿಯಬಹುದು. ರಾಣಿ ನಡೆದ ನೆಲವನ್ನು ಹೀಗೆ ಹೆಜ್ಜೆಯಿಂದ ಅಳೆದಾಗ ಇತಿಹಾಸ ನನಗೆ ಹತ್ತಿರವಾಯಿತು.

ಅಲ್ಲಿಂದ ಹತ್ತಿರದ ದೇಗಾಂವದ ಕಮಲನಾರಾಯಣ ಗುಡಿಗೆ ಹೋದೆವು. ಗೋವೆಯ ಕದಂಬ ದೊರೆ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೇ ಶತಮಾನದಲ್ಲಿ ಕಟ್ಟಿಸಿದ್ದು. ರಾಣಿಯ ಹೆಸರಿನ ಜೊತೆ ಅದನ್ನು ಕಟ್ಟಿದ ಶಿಲ್ಪಿ ತಿಪ್ಪೋಜನ ಹೆಸರೂ ಉಳಿದಿದೆ. ಎಂಟು ನೂರು ವರ್ಷಗಳ ಹಿಂದೆ ನಮ್ಮ ಮಗ್ಗುಲಲ್ಲೇ ಒಬ್ಬ ವಾಸ್ತುಶಿಲ್ಪಿ ಇದ್ದ, ಅವನ ಹೆಸರು ನಮಗೆ ಗೊತ್ತು! ಇದು ಹುಡುಗಿಗೆ ಬಹಳ ಹಿಡಿಸಿತು. ಶಿರಸಂಗಿಯ ಕಾಳಿಕಾದೇವಿ ವಿಶ್ವಕರ್ಮರ ಕುಲದೈವ. ಕಲ್ಲು, ಮರ, ಲೋಹ ಬಲ್ಲವರ ಪರಂಪರೆ ಈ ಸೀಮೆಯಲ್ಲಿ ಹೊಸದೇನಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಅವಳದೇ ಆದ ಕಟ್ಟಡದ ಸರದಿ ಬಂತು. ಯಾವುದಾದರೂ ಜಾಗದಲ್ಲಿ ಜನ ಸ್ವಲ್ಪ ಹೊತ್ತು ತಂಗುವ ಚಿಕ್ಕ ನೆರಳೊಂದನ್ನು ವಿನ್ಯಾಸ ಮಾಡಬೇಕು. ಅವಳು ಯಲ್ಲಮ್ಮನ ಗುಡ್ಡವನ್ನು ಆರಿಸಿದಳು. ಮೊದಲ ಯೋಚನೆಯಲ್ಲಿ ನೆರಳಿಗೆ ಕೊಡದ ಆಕಾರ ಬಂದಿತ್ತು, ಯಲ್ಲಮ್ಮನೆನಿಸಿದ ರೇಣುಕೆ ಮರಳಿನಿಂದ ಕೊಡ ಮಾಡಿ ನೀರು ತಂದ ಕಥೆ ಎಲ್ಲರಿಗೂ ಗೊತ್ತಲ್ಲ. ಮಾಡೆಲ್ ಚೆಂದವಿತ್ತು. ಕೆಲಸವನ್ನು ಒರೆಗೆ ಹಚ್ಚುವ ಕಾಲೇಜಿನ ಜ್ಯೂರಿಯಲ್ಲಿ ಹಿರಿಯರೊಬ್ಬರು ಕೇಳಿದರಂತೆ: ಇದರೊಳಗೆ ಮುದುಕರು ಎಲ್ಲಿ ಬೆನ್ನು ಆನಿಸುತ್ತಾರೆ? ಮೂರು ಕಲ್ಲಿನ ಒಲೆ ಹೂಡಿದರೆ ಹೊಗೆ ಎಲ್ಲಿ ಹೋಗುತ್ತದೆ? ಹುಡುಗಿ ಆ ಮಾಡೆಲನ್ನು ಪಕ್ಕಕ್ಕಿಟ್ಟು ಗುಡ್ಡಕ್ಕೆ ಹೋದಳು. ನಾನೂ ಹೋದೆ.

ಭಾರತ ಹುಣ್ಣಿಮೆಯ ದಿನಗಳು. ಕರ್ನಾಟಕ, ಮಹಾರಾಷ್ಟ್ರದ ಹಳ್ಳಿಗಳಿಂದ ಬಂದ ಚಕ್ಕಡಿ, ಟ್ರ್ಯಾಕ್ಟರು, ಉಧೋ ಉಧೋ ಎಂಬ ಕೂಗು, ಭಂಡಾರ. ನಾವು ಜನ ಏನು ಮಾಡುತ್ತಾರೆ ಎಂದು ನೋಡುತ್ತ ಕುಳಿತೆವು. ಚಕ್ಕಡಿಯ ಗಾಲಿಗೂ ಗಿಡಕ್ಕೂ ಸೀರೆ ಕಟ್ಟಿ ನೆರಳು ಮಾಡಿಕೊಳ್ಳುತ್ತಾರೆ. ಪಡ್ಡಲಗಿ ತುಂಬಿಸಲು ಹೋಳಿಗೆ, ಕಡಬು ಬೇಯಿಸುವ ಒಲೆಯನ್ನು ಗಾಳಿಗೆ ಮರೆಯಾಗಿ ಹೂಡುತ್ತಾರೆ. ಕೂಸನ್ನು ಜೋಳಿಗೆಯಲ್ಲಿ ತೂಗಲು ಎರಡು ಆಸರೆ ಹುಡುಕುತ್ತಾರೆ. ಎಣ್ಣೆಹೊಂಡದಲ್ಲಿ ಮಿಂದು ಬಂದ ಹೆಣ್ಣುಮಕ್ಕಳು ಒದ್ದೆ ಬಟ್ಟೆ ಬದಲಿಸಲು ಗೋಡೆಯ ಮರೆ ಹುಡುಕುತ್ತಾರೆ. ಈ ಪಟ್ಟಿಯೇ ಅವಳ ವಿನ್ಯಾಸದ ಬೀಜವಾಯಿತು.

ಆಮೇಲೆ ನಡೆದದ್ದನ್ನು ಹತ್ತಿರದಿಂದ ನೋಡಿದೆ. ಒಂದು ನಕ್ಷೆಯ ಮೇಲೆ ಟ್ರೇಸಿಂಗ್ ಹಾಳೆ ಇಡುತ್ತಾಳೆ, ಕೆಳಗಿನದರಲ್ಲಿ ಒಳ್ಳೆಯದಿದ್ದಷ್ಟನ್ನು ಎತ್ತಿಕೊಳ್ಳುತ್ತಾಳೆ, ಉಳಿದದ್ದನ್ನು ಬಿಡುತ್ತಾಳೆ. ಅದರ ಮೇಲೆ ಮತ್ತೊಂದು ಹಾಳೆ. ನಡುನಡುವೆ ಮೌಂಟ್ ಬೋರ್ಡಿನ ಚಿಕ್ಕ ಮಾಡೆಲ್ ಮಾಡಿ ಬಿಸಿಲಿಗೆ ಹಿಡಿದು ನೆರಳು ನೋಡುತ್ತಾಳೆ. ಸರಿಬರದಿದ್ದರೆ ಮುರಿಯುತ್ತಾಳೆ. ಸ್ಫೂರ್ತಿ ಬರಲೆಂದು ಕಾಯುತ್ತ ಕೂತದ್ದನ್ನು ನಾನು ಕಾಣಲಿಲ್ಲ; ಕೈ ಕೆಲಸದಲ್ಲಿ ಇದ್ದಾಗಲೇ ಹೊಸದು ಹೊಳೆಯುತ್ತಿತ್ತು. ಕೊನೆಗೆ ಉಳಿದದ್ದು ಸರಳ: ಹಳ್ಳಿಯ ಮನೆಯಲ್ಲಿ ಅಳೆದ ಅಂಕಣದ ಅಳತೆಗೇ ನಿಲ್ಲಿಸಿದ ಕಲ್ಲಿನ ಕಂಬಗಳು, ಕೂರಲು ಹದವಾದ ಎತ್ತರದ ಕಟ್ಟೆ, ಅದಕ್ಕೆ ಒರಗು, ಜೋಳಿಗೆಗೆ ಕಬ್ಬಿಣದ ಕೊಂಡಿ, ಬಟ್ಟೆ ಬದಲಿಸಲು ಮೂಲೆ ಮಡಿಚಿದ ಒಂದೇ ಗೋಡೆ, ಅದೇ ಗೋಡೆಯ ಹೊರಬದಿ ಒಲೆಗೆ ಗಾಳಿಯ ಮರೆ. ನೀರು ಚೆಲ್ಲಿದರೆ ಹರಿದುಹೋಗಲು ನೆಲಕ್ಕೆ ಇಳಿಜಾರು. ಒಂದು ಗೋಡೆ ಎರಡು ಕೆಲಸ ಮಾಡಿದ್ದನ್ನು ಜ್ಯೂರಿಯವರು ಮೆಚ್ಚಿದರಂತೆ. ಆ ಗೋಡೆಯ ಉಪಾಯ ಅವಳಿಗೆ ದಪ್ಪ ಗೋಡೆಯ ಮಾಡಗಳಿಂದ ಬಂದದ್ದು ಎಂದು ನನಗೆ ಗೊತ್ತು.

ಹಳೆಯದನ್ನೆಲ್ಲ ಹಾಗೆಯೇ ಹೊಗಳಬೇಕೆಂದು ನಾನು ಹೇಳುತ್ತಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಮುನವಳ್ಳಿ, ರಾಮದುರ್ಗದ ಕಡೆ ಮಣ್ಣಿನ ಮನೆಗಳು ಕುಸಿದು ಜನ ಬೀದಿಗೆ ಬಂದರು. ಮಣ್ಣಿನ ಗೋಡೆಯ ಬುಡ ನೀರಲ್ಲಿ ನಿಂತರೆ ಅದು ತಾಳುವುದಿಲ್ಲ. ಅಲ್ಲಿ ಸಿಮೆಂಟು ಬೇಕೆನ್ನುವವರ ಮಾತಿಗೆ ಬಲವಿದೆ. ಆದರೆ ಹೊಸ ತಗಡಿನ ಶೆಡ್ಡಿನೊಳಗೆ, ತೆಳು ಗೋಡೆಯ ಸ್ಲ್ಯಾಬಿನ ಕೆಳಗೆ ಏಪ್ರಿಲ್ ತಿಂಗಳ ಮಧ್ಯಾಹ್ನ ಕಳೆಯುವುದು ಎಷ್ಟು ಕಷ್ಟವೆಂದು ಅಲ್ಲಿ ಬಾಳುವವರನ್ನು ಕೇಳಬೇಕು. ನೆರೆಯ ಮಟ್ಟಕ್ಕಿಂತ ಮೇಲೆ ಕಲ್ಲಿನ ಬುಡ, ಅದರ ಮೇಲೆ ಬಿಸಿಲು ತಡೆಯುವ ಗೋಡೆ, ಮನೆಯ ಒಳಗೊಂದು ಬೆಳಕಿಂಡಿ ಇವು ಮೂರೂ ಕೂಡಿಬರುವ ಮನೆ ಹೇಗಿರಬೇಕು? ಇದೇ ನಮ್ಮ ಸೀಮೆಯ ನಿಜವಾದ ಪ್ರಾಜೆಕ್ಟು. ಕೇರಳದಲ್ಲಿ ಲಾರಿ ಬೇಕರ್ ಊರಿನ ಕಟ್ಟೋಣವನ್ನು ನೋಡಿ ಕಲಿತು ಕಡಿಮೆ ಖರ್ಚಿನ ಮನೆ ಕಟ್ಟಿದರು. ಬೆಂಗಳೂರಿನ ಐಐಎಂ ವಿನ್ಯಾಸ ಮಾಡಿದ ಬಿ.ವಿ. ದೋಶಿ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಇಂದೋರಿನಲ್ಲಿ ಬಡವರ ಮನೆಗಳ ಬಡಾವಣೆ ರೂಪಿಸಿದವರೂ ಅವರೇ. ಮಲಪ್ರಭೆಯ ದಂಡೆಯ ಮನೆಗೆ ಉತ್ತರ ಕಂಡುಹಿಡಿಯಲು ನಮ್ಮ ಮಕ್ಕಳು ಮುಂದೆ ಬರಬೇಕು.

ಅದಕ್ಕೆ ಅವರಿಗೆ ಅಳೆಯಲು ಮನೆಗಳು ಉಳಿದಿರಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ನಮ್ಮ ಜನರಲ್ಲಿ ನನ್ನದೊಂದು ಕೋರಿಕೆ. ಹಳೆಯ ಮನೆ ಕೆಡವಿ ಹೊಸದು ಕಟ್ಟುವುದು ನಿಮ್ಮ ಅಗತ್ಯ, ನಿಮ್ಮ ಹಕ್ಕು. ಕೆಡವುವ ಮುಂಚೆ ಹತ್ತಿರದ ಆರ್ಕಿಟೆಕ್ಚರ್ ಕಾಲೇಜಿಗೆ ಒಂದು ಫೋನು ಮಾಡಿ. ಮಕ್ಕಳು ಬಂದು ಅಳೆದು ಬರೆದುಕೊಳ್ಳಲಿ. ಕಂಬ, ತೊಲೆ ಮಾರುವ ಮುಂಚೆ ಅವು ಎಲ್ಲಿ, ಹೇಗೆ ನಿಂತಿದ್ದವೆಂದು ಒಂದು ನಕ್ಷೆಯಾದರೂ ಉಳಿಯಲಿ. ಅವರು ಬಂದಾಗ ಅನುಮಾನ ಪಡಬೇಡಿ. ಕುಡಿಯಲು ನೀರು ಕೊಡಿ, ಮನೆ ಕಟ್ಟಿದವರ ಹೆಸರು ಹೇಳಿ, ಟೇಪಿನ ಒಂದು ತುದಿ ಹಿಡಿಯಿರಿ.